ಹನ್ನೆರಡನೇ ರಿಜಿಸ್ಟರು

ನನ್ನ ಹತ್ತಿರ ಒಂದು ಹಳೆಯ ಲ್ಯಾಬ್ ರೆಕಾರ್ಡ್ ಇದೆ. ಅದರ ಆರನೇ ಪ್ರಯೋಗದ ಪುಟದ ಮೇಲೆ ಕೆಂಪು ಶಾಯಿಯಲ್ಲಿ 'ಔಟ್‌ಪುಟ್ ನಕಲು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಸಹಿ ಹಾಕಿದೆ. ಸಹಿ ನಮ್ಮ ವಿಭಾಗದ ಮುಖ್ಯಸ್ಥರದು, ಅಂದರೆ ಎಚ್‌ಒಡಿಯವರದು. ಏಳು ವರ್ಷದಿಂದ ಆ ರೆಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಇಟ್ಟುಕೊಂಡಿದ್ದೇನೆ. ಸಿಟ್ಟು ಆರಬಾರದೆಂದೇ ಇಟ್ಟುಕೊಂಡದ್ದು.

ಈಗ ನಾನು ಚಿಕ್ಕಮಗಳೂರಿನ ಅದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅದೇ ಎಚ್‌ಒಡಿಯ ಕೈಕೆಳಗೆ ಲ್ಯಾಬ್ ಇನ್‌ಸ್ಟ್ರಕ್ಟರ್. ಕೆಲಸಕ್ಕೆ ಸಂದರ್ಶನ ಮಾಡಿದ ದಿನ ಅವರು ನನ್ನ ಮುಖ ನೋಡಿ, "ನೀವು ಓದಿದ್ದೆಲ್ಲಿ?" ಎಂದು ಕೇಳಿದರು. ನನ್ನ ಒಂದು ವರ್ಷವನ್ನು ನುಂಗಿ ನೀರು ಕುಡಿದ ಮನುಷ್ಯನಿಗೆ ನಾನು ಯಾರೆಂದೇ ನೆನಪಿರಲಿಲ್ಲ. ಕೆಂಪು ಶಾಯಿಗಿಂತ ಅದು ಹೆಚ್ಚು ಉರಿಯಿತು.

ನಮ್ಮಲ್ಲಿ ಆಪರೇಟಿಂಗ್ ಸಿಸ್ಟಮ್ ಪಾಠ ಹೇಳುವುದಕ್ಕೆಂದೇ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಇದೆ. ಎಚ್‌ಒಡಿಯವರೇ ಬರೆದದ್ದು. ಲ್ಯಾಬಿನ ಕಂಪ್ಯೂಟರುಗಳ ಮೇಲೆ ಎಮ್ಯುಲೇಟರಿನಲ್ಲಿ, ಅಂದರೆ ಇನ್ನೊಂದು ಯಂತ್ರದ ವೇಷ ಹಾಕುವ ಪ್ರೋಗ್ರಾಮಿನಲ್ಲಿ, ಓಡುತ್ತದೆ. ಅದರ ಜೀವ ಇರುವುದು ಥ್ರೆಡ್ ಬದಲಾಯಿಸುವ ಕಡೆ. ಪ್ರೊಸೆಸರು ಒಂದೇ, ಮಾಡಬೇಕಾದ ಕೆಲಸಗಳು ಹಲವು. ಆದ್ದರಿಂದ ಒಂದು ಥ್ರೆಡ್ಡನ್ನು, ಅಂದರೆ ಓಡುತ್ತಿರುವ ಒಂದು ಕೆಲಸವನ್ನು, ಅರ್ಧಕ್ಕೆ ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕು. ನಿಲ್ಲಿಸುವಾಗ ಅದು ಎಲ್ಲಿಯವರೆಗೆ ಬಂದಿತ್ತು, ಅದರ ರಿಜಿಸ್ಟರುಗಳಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಚಿಕ್ಕ ಚಿಕ್ಕ ಗೂಡುಗಳಲ್ಲಿ, ಯಾವ ಯಾವ ಸಂಖ್ಯೆ ಇತ್ತು ಎಂದು ಬರೆದಿಡಬೇಕು. ಅದರ ಸರದಿ ಮತ್ತೆ ಬಂದಾಗ ಎಲ್ಲವನ್ನೂ ಇದ್ದ ಹಾಗೆಯೇ ತುಂಬಿ ಕೊಡಬೇಕು. ಥ್ರೆಡ್ಡಿಗೆ ತಾನು ನಡುವೆ ನಿಂತಿದ್ದೆನೆಂದು ಗೊತ್ತೇ ಆಗಬಾರದು.

ನಾನು ಮೂರನೇ ವರ್ಷದಲ್ಲಿದ್ದಾಗ ಮುಂಗಾರಿಗೆ ಮುಂಚಿನ ಸಿಡಿಲಿಗೆ ಲ್ಯಾಬಿನ ಸರ್ವರ್ ಸುಟ್ಟುಹೋಯಿತು. ಎಚ್‌ಒಡಿಯವರ ಸಿಸ್ಟಮ್ಮಿನ ಮೂಲ ಫೈಲುಗಳೂ ಅದರೊಂದಿಗೆ ಹೋದವು. ಉಳಿದದ್ದು ಕಾಗದದ ಮೇಲಿನ ಒಂದೇ ಒಂದು ಪ್ರಿಂಟ್. ಅದನ್ನು ಝೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ, ಮ್ಯಾನ್ಯುಯಲ್ ಎಂದು ಹೆಸರಿಟ್ಟು, ನಮ್ಮ ಬ್ಯಾಚಿನವರೆಲ್ಲ ಅದನ್ನು ನೋಡಿಕೊಂಡು ಸಾಲು ಸಾಲಾಗಿ ಟೈಪ್ ಮಾಡಿದೆವು. ಆಮೇಲಿನ ವರ್ಷಗಳಲ್ಲಿ ಅದೇ ಪದ್ಧತಿಯಾಯಿತು. ಹೊಸ ಬ್ಯಾಚ್ ಬರುತ್ತದೆ, ಹಿಂದಿನವರ ಮ್ಯಾನ್ಯುಯಲ್ ಝೆರಾಕ್ಸ್ ಮಾಡಿಸುತ್ತದೆ, ಟೈಪ್ ಮಾಡುತ್ತದೆ. ಎಚ್‌ಒಡಿಯವರು ಬಂದು ಮ್ಯಾನ್ಯುಯಲಿನಲ್ಲಿ ಇದ್ದ ಹಾಗೆಯೇ ಇದೆಯೇ ಎಂದು ನೋಡಿ ಟಿಕ್ ಹಾಕುತ್ತಾರೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಮಾರ್ಕು ಹೋಗುತ್ತದೆ.

ಆರನೇ ಪ್ರಯೋಗಕ್ಕೆ ಎಲ್ಲರೂ ಮ್ಯಾನ್ಯುಯಲಿನ ಪ್ರೋಗ್ರಾಮನ್ನೇ ಕೊಟ್ಟರು. ಒಂದು ಥ್ರೆಡ್ ಎ ಎಂದು ಬರೆಯುತ್ತದೆ, ಇನ್ನೊಂದು ಬಿ ಎಂದು ಬರೆಯುತ್ತದೆ, ಅಷ್ಟೇ. ನನಗೆ ಸ್ವಂತದ್ದು ಏನಾದರೂ ಮಾಡುವ ಚಪಲ. ನನ್ನ ಅಪ್ಪ ಆಲ್ದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಬರೆಯುವುದರ ಜೊತೆಗೆ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಎಷ್ಟು ಇಂಚು ಬಿತ್ತೆಂದು ಬರೆಯುವುದೂ ಅವರ ಕೆಲಸ. ಆ ಮಳೆ ಪುಸ್ತಕ ತಂದು, ಮೂರು ವರ್ಷದ ಮಳೆಯನ್ನು ಮೂರು ಥ್ರೆಡ್ಡುಗಳು ಏಕಕಾಲಕ್ಕೆ ಕೂಡುವಂತೆ ಬರೆದೆ. ಒಟ್ಟು ಮಳೆ, ಅತಿ ಹೆಚ್ಚು ಸುರಿದ ದಿನ, ಒಣ ದಿನಗಳು, ಎಲ್ಲವೂ. ಲ್ಯಾಬಿನಲ್ಲಿ ಓಡಿಸಿದಾಗ ಅಪ್ಪ ಕೈಯಲ್ಲಿ ಕೂಡಿದ ಮೊತ್ತವೇ ಬಂತು. ಕುಣಿಯುತ್ತ ರೆಕಾರ್ಡಿನಲ್ಲಿ ಬರೆದುಕೊಂಡೆ.

ಮುಂದಿನ ವಾರ ಪರೀಕ್ಷೆ. ಪ್ರೋಗ್ರಾಮುಗಳು ಚುರುಕಾಗಿ ಓಡಲಿ ಎಂದು ಆ ದಿನ ಎಚ್‌ಒಡಿಯವರು ಮೊದಲ ಸಲ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಆಪ್ಟಿಮೈಸೇಷನ್ ಹಾಕಿಸಿದ್ದರು. ನನ್ನ ಪ್ರೋಗ್ರಾಂ ಓಡಿತು. ಒಂದು ಇಡೀ ವರ್ಷದ ಮಳೆ ಮೂರು ಇಂಚು ಎಂದು ತೋರಿಸಿತು. ಆಲ್ದೂರಿನಲ್ಲಿ, ಮೂರು ಇಂಚು! ನಮ್ಮಲ್ಲಿ ಅದು ಒಂದು ಮಧ್ಯಾಹ್ನಕ್ಕೆ ಬೀಳುತ್ತದೆ.

"ಸಾರ್, ಹೋದ ವಾರ ಸರಿ ಬಂದಿತ್ತು. ನಾನೇ ಬರ್ದಿದ್ದು ಸಾರ್," ಎಂದೆ.

"ಮೆಷಿನ್ ಸುಳ್ಳು ಹೇಳಲ್ಲಮ್ಮ," ಎಂದರು. ಕೆಂಪು ಪೆನ್ನು ತೆಗೆದರು.

ಆ ಲ್ಯಾಬು ವರ್ಷಕ್ಕೆ ಒಂದೇ ಸಲ ಬರುತ್ತಿತ್ತು. ಫೇಲಾದ್ದರಿಂದ ವರ್ಷ ಹೋಯಿತು. ಜೊತೆಯವರು ಮುಂದಿನ ತರಗತಿಗೆ ಹೋದಾಗ ನಾನು ಎಸ್ಟೇಟಿನ ಆಫೀಸಿನಲ್ಲಿ ಅಪ್ಪನ ಪಕ್ಕ ಕುಳಿತು ಹಾಜರಿ ಬರೆದೆ. ಕೇಳಿದವರಿಗೆಲ್ಲ ಅಪ್ಪ, "ಅವಳಿಗೆ ಸ್ವಲ್ಪ ಹುಷಾರಿರ್ಲಿಲ್ಲ," ಎಂದು ಹೇಳುತ್ತಿದ್ದರು. ಮಗಳು ನಕಲು ಮಾಡಿ ಸಿಕ್ಕಿಬಿದ್ದಳು ಎಂದು ಅವರೂ ನಂಬಿದ್ದರೋ ಏನೋ, ನಾನು ಕೇಳಲಿಲ್ಲ.

ಇಷ್ಟು ಹಿಂದಿನದು. ಈಗಿನದಕ್ಕೆ ಬರುತ್ತೇನೆ.

ಈ ವರ್ಷ ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಲ್ಯಾಬಿನಲ್ಲಿ ಬಳಸುವ ಪ್ರತಿಯೊಂದಕ್ಕೂ ಟೆಸ್ಟ್ ರಿಪೋರ್ಟ್ ಇರಬೇಕಂತೆ. ಒಂದು ಸೋಮವಾರ ಬೆಳಿಗ್ಗೆ ಎಚ್‌ಒಡಿಯವರು ನನ್ನನ್ನು ಕರೆದು, "ಮೇಡಂ, ನಮ್ಮ ಸಿಸ್ಟಮ್ಮಿನ ಥ್ರೆಡ್ ಸ್ವಿಚಿಂಗ್‌ಗೆ ಒಂದು ರಿಪೋರ್ಟ್ ಮಾಡಿಬಿಡಿ. ಎರಡು ಥ್ರೆಡ್ ಓಡ್ಸಿ, ಸ್ಕ್ರೀನ್ ಫೋಟೋ ತೆಗ್ದು ಅಂಟ್ಸಿ, ಸಾಕು," ಎಂದರು.

ಸಾಕು ಎಂದರೆ ಸಾಕೇ ಆಗಿತ್ತು. ಮಧ್ಯಾಹ್ನಕ್ಕೆ ಮುಗಿಸಿ ಮನೆಗೆ ಹೋಗುತ್ತಿದ್ದೆ. ಆದರೆ ಲ್ಯಾಬಿಗೆ ಬಂದರೆ ಕೊನೆಯ ಸಾಲಿನ ಕಂಪ್ಯೂಟರಿನ ಮುಂದೆ ಒಬ್ಬ ವಿದ್ಯಾರ್ಥಿನಿ ದುಪಟ್ಟಾದಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಕೊಟ್ಟಿಗೆಹಾರದವಳು. ಅಪ್ಪನದು ಅಲ್ಲೇ ರಸ್ತೆಬದಿಯಲ್ಲಿ ಜೀಪು ರಿಪೇರಿಯ ಗ್ಯಾರೇಜು. ಮನೆಯಿಂದ ಕಾಲೇಜಿಗೆ ಬಂದ ಮೊದಲ ಹುಡುಗಿ ಅವಳು.

"ಎಂತಾಯ್ತು?" ಎಂದು ಕೇಳಿದೆ.

"ನನ್ನ ಪ್ರೋಗ್ರಾಂ ನಾನೇ ಬರ್ದಿದ್ದು ಮ್ಯಾಮ್. ನಾಲ್ಕು ಥ್ರೆಡ್ಡು. ಮೊನ್ನೆ ಸರಿ ಬಂತು, ಇವತ್ತು ಸಾರ್ ಎದ್ರು ಓಡ್ಸಿದ್ರೆ ಬರೀ ತಪ್ಪು. ಎಲ್ಲಿಂದ ಕದ್ದೆ ಅಂತ ಇಡೀ ಕ್ಲಾಸ್ ಮುಂದೆ ಕೇಳಿದ್ರು. ಶುಕ್ರವಾರ ವೈವಾಕ್ಕೆ ಹೊರಗಿನವ್ರು ಬರ್ತಾರಲ್ಲ, ಅವ್ರ ಮುಂದೆ ಸೊನ್ನೆ ಹಾಕ್ತೀನಿ ಅಂದ್ರು."

"ಮತ್ತೆಂತ ಅಂದ್ರು?"

"ಮೆಷಿನ್ ಸುಳ್ಳು ಹೇಳಲ್ಲ ಅಂದ್ರು."

ಏಳು ವರ್ಷ ಕಳೆದರೂ ಒಂದು ಪದ ಬದಲಾಗಿರಲಿಲ್ಲ. ಅಂದರೆ ತಪ್ಪು ನನ್ನ ಪ್ರೋಗ್ರಾಮಿನದಾಗಿರಲಿಲ್ಲ. ಆ ಮನುಷ್ಯನ ಸಿಸ್ಟಮ್ಮಿನಲ್ಲೇ ಎಲ್ಲೋ ಹುಳುಕಿದೆ. ಅದನ್ನು ಹಿಡಿದು ಎಳೆದು ಹೊರಗೆ ತಂದು ಅವರ ಮುಖಕ್ಕೆ ಹಿಡಿಯುತ್ತೇನೆ ಎಂದುಕೊಂಡೆ. ಈ ಹುಡುಗಿಯ ವರ್ಷ ಉಳಿಯಬೇಕೆಂಬುದು ಎರಡನೆಯದಾಗಿ ಹೊಳೆಯಿತು. ಮುಚ್ಚಿಟ್ಟು ಏನು ಪ್ರಯೋಜನ, ಎರಡನೆಯದಾಗಿಯೇ ಹೊಳೆಯಿತು.

ಅವತ್ತು ಮೊದಲು ಎಚ್‌ಒಡಿ ಹೇಳಿದ ಟೆಸ್ಟನ್ನೇ ಮಾಡಿದೆ. ಎ ಬಿ ಎ ಬಿ ಎಂದು ಪರದೆ ತುಂಬ ಬಂತು. ಎರಡರ ಬದಲು ಎಂಟು ಥ್ರೆಡ್ ಮಾಡಿದೆ, ಸಾವಿರಾರು ಸಲ ಬದಲಾಯಿಸಿದೆ. ಒಂದು ಅಕ್ಷರ ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ನನಗೇ ಅನುಮಾನ ಬಂತು.

ಮಂಗಳವಾರ ಹುಡುಗಿಯ ಪ್ರೋಗ್ರಾಮನ್ನೇ ಹಿಡಿದೆ. ಅಂಕ ಹಾಕುವ ದಿನ ಎಚ್‌ಒಡಿ ಹಾಕಿಸುವ ಆಪ್ಟಿಮೈಸೇಷನ್ ಇಲ್ಲದೆ ಓಡಿಸಿದರೆ ಸರಿ, ಹಾಕಿ ಓಡಿಸಿದರೆ ತಪ್ಪು. ಥ್ರೆಡ್ಡುಗಳ ಸ್ಟ್ಯಾಕ್, ಅಂದರೆ ಮೆಮೊರಿಯಲ್ಲಿ ಪ್ರತಿಯೊಂದಕ್ಕೂ ಇರುವ ಸ್ವಂತ ಜಾಗ, ಒಂದರ ಮೇಲೊಂದು ಹತ್ತುತ್ತಿರಬಹುದೆಂದು ಪ್ರತಿ ಸ್ಟ್ಯಾಕಿನ ತಳದಲ್ಲಿ ಗುರುತಿನ ಸಂಖ್ಯೆ ಬರೆದಿಟ್ಟು ನೋಡಿದೆ. ಗುರುತು ಅಳಿಸಿರಲಿಲ್ಲ. ಥ್ರೆಡ್ಡುಗಳ ಸರದಿ ಬದಲಿಸುವ ಟೈಮರು ನಡುವೆ ಬಂದು ಕೆಡಿಸುತ್ತಿರಬಹುದೆಂದು ಟೈಮರನ್ನೇ ನಿಲ್ಲಿಸಿ, ಥ್ರೆಡ್ಡುಗಳು ತಾವಾಗಿಯೇ ಒಂದಕ್ಕೊಂದು ದಾರಿ ಬಿಡುವಂತೆ ಮಾಡಿದೆ. ಆಗಲೂ ತಪ್ಪೇ. ಹಾಗಾದರೆ ಮೊತ್ತ ಎಲ್ಲಿ ಕೆಡುತ್ತದೆ ನೋಡೋಣವೆಂದು ನಡುನಡುವೆ ಪ್ರಿಂಟ್ ಸಾಲು ಸೇರಿಸಿದೆ. ಸೇರಿಸಿದ ತಕ್ಷಣ ಎಲ್ಲ ಸರಿಯಾಗಿಬಿಟ್ಟಿತು! ಪ್ರಿಂಟ್ ತೆಗೆದೆ, ತಪ್ಪು. ಹಾಕಿದೆ, ಸರಿ. ನಾನು ನೋಡುತ್ತಿದ್ದರೆ ಸಾಚಾ, ಬೆನ್ನು ತಿರುಗಿಸಿದರೆ ಕಳ್ಳ. ಎಚ್‌ಒಡಿಯವರ ಸಿಸ್ಟಮ್ಮು ಅವರ ಹಾಗೆಯೇ ಇದೆ ಎಂದು ಬೈದುಕೊಂಡೆ.

ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ವಸ್ತಾರೆಯ ಹತ್ತಿರ ತೋಟದ ಹೆಂಗಸರು ಸಾಲಾಗಿ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ನೋಡಿ ನಾನು ಎಸ್ಟೇಟಿನಲ್ಲಿ ಕಳೆದಿದ್ದ ಆ ಒಂದು ವರ್ಷ ನೆನಪಾಯಿತು. ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವವರು ಊಟಕ್ಕೆ ಏಳುವಾಗ ತಾವು ಬಿಟ್ಟ ಗಿಡಕ್ಕೆ ಗುರುತು ಕಟ್ಟಿ ಹೋಗುತ್ತಾರೆ. ಒಬ್ಬಳದು ಹಸಿರು ಸೀರೆಯ ಚೂರು, ಇನ್ನೊಬ್ಬಳದು ಬಾಳೆನಾರು, ಮತ್ತೊಬ್ಬಳದು ಕೆಂಪು ರಿಬ್ಬನ್ನು. ಒಬ್ಬರದು ಇನ್ನೊಬ್ಬರಿಗೆ ಹೋಲಬಾರದು. ಹೋಲಿದರೆ ಊಟ ಮುಗಿಸಿ ಬಂದವಳು ಬೇರೆಯವಳ ಗಿಡಕ್ಕೆ ಕೈ ಹಾಕುತ್ತಾಳೆ, ಜಗಳ ಶುರುವಾಗುತ್ತದೆ.

ಎಚ್‌ಒಡಿಯವರ ಎ ಬಿ ಟೆಸ್ಟು ಹೆಂಗಸರು ಊಟದಿಂದ ವಾಪಸು ಬಂದರೋ ಇಲ್ಲವೋ ಎಂದಷ್ಟೇ ನೋಡುತ್ತಿತ್ತು. ತಮ್ಮ ತಮ್ಮ ಗಿಡಕ್ಕೇ ಬಂದರೇ ಎಂದು ಯಾರೂ ಕೇಳಿರಲಿಲ್ಲ. ಥ್ರೆಡ್ ಬದಲಾದಾಗ ಕಾಪಾಡಲೇಬೇಕಾದ ರಿಜಿಸ್ಟರುಗಳು ನಮ್ಮ ಪ್ರೊಸೆಸರಿನಲ್ಲಿ ಹನ್ನೆರಡು. ಎಸ್ ಸೊನ್ನೆಯಿಂದ ಎಸ್ ಹನ್ನೊಂದರವರೆಗೆ. ಮೊದಲ ಥ್ರೆಡ್ಡು ಅವುಗಳಲ್ಲಿ ನೂರಾ ಒಂದರಿಂದ ನೂರಾ ಹನ್ನೆರಡು ತುಂಬಲಿ, ಎರಡನೆಯದು ಇನ್ನೂರಾ ಒಂದರಿಂದ, ಮೂರನೆಯದು ಮುನ್ನೂರಾ ಒಂದರಿಂದ. ತುಂಬಿ, ದಾರಿ ಬಿಡಲಿ. ಸರದಿ ತಿರುಗಿ ಬಂದಾಗ ಹನ್ನೆರಡೂ ಇದ್ದ ಹಾಗೆಯೇ ಇವೆಯೇ ಎಂದು ನೋಡಲಿ. ಸಿ ಭಾಷೆಯಲ್ಲಿ ಬರೆದರೆ ಯಾವ ರಿಜಿಸ್ಟರಿಗೆ ಏನು ಹೋಗುತ್ತದೆಂದು ಕಂಪೈಲರೇ ತೀರ್ಮಾನಿಸುತ್ತದೆ. ಹಾಗಾಗಿ ಪೂರ್ತಿ ಟೆಸ್ಟನ್ನು, ರಿಜಿಸ್ಟರುಗಳನ್ನು ನಾವೇ ಹೆಸರಿಟ್ಟು ಹೇಳುವ ಅಸೆಂಬ್ಲಿ ಭಾಷೆಯಲ್ಲಿ ಬರೆದೆ.

ಮೂರು ಗಂಟೆಗೆ ಓಡಿಸಿದೆ. ಮೂವತ್ತಾರಕ್ಕೆ ಮೂವತ್ತಾರೂ ತಪ್ಪು!

ಕುರ್ಚಿ ಬಿದ್ದದ್ದೂ ಗೊತ್ತಾಗಲಿಲ್ಲ. ಕಾರಿಡಾರಿನಲ್ಲಿ ಓಡಿದೆ. ಎಚ್‌ಒಡಿಯವರ ಬಾಗಿಲಿನ ಪರದೆಗೆ ಕೈ ಹಾಕಿದೆ. ಏಳು ವರ್ಷ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಹೊಳೆಯಿತು, ಮೂವತ್ತಾರೂ ತಪ್ಪಾಗಿದ್ದರೆ ಈ ಸಿಸ್ಟಮ್ಮು ಶುರುವೇ ಆಗುತ್ತಿರಲಿಲ್ಲ.

"ಏನ್ ಮೇಡಂ?" ಎಂದು ತಲೆಯೆತ್ತಿದರು.

"ಏನಿಲ್ಲ ಸಾರ್. ಸ್ಟೇಪ್ಲರ್ ಬೇಕಿತ್ತು."

ಸ್ಟೇಪ್ಲರ್ ಹಿಡಿದುಕೊಂಡು ಮಂಗನ ಮುಖ ಮಾಡಿಕೊಂಡು ವಾಪಸು ಬಂದೆ. ತಪ್ಪು ನನ್ನದೇ. ಯಾವ ಥ್ರೆಡ್ಡೆಂದು ನೆನಪಿಡುವ ಸಂಖ್ಯೆಯನ್ನು ನಾನೊಂದು ತಾತ್ಕಾಲಿಕ ರಿಜಿಸ್ಟರಿನಲ್ಲಿ ಇಟ್ಟಿದ್ದೆ. ಅದನ್ನು ಕಾಪಾಡುವ ಜವಾಬ್ದಾರಿ ಸಿಸ್ಟಮ್ಮಿನದಲ್ಲ. ವಾಪಸು ಬಂದಾಗ ಪ್ರತಿ ಥ್ರೆಡ್ಡೂ ಬೇರೆಯವರ ಸಂಖ್ಯೆ ಹಿಡಿದು ಹೋಲಿಸುತ್ತಿತ್ತು. ಬಾಯಿ ಬಿಟ್ಟು ಆ ಮಾತು ಆಡಿಬಿಟ್ಟಿದ್ದರೆ ಮೆಷಿನ್ ಸುಳ್ಳು ಹೇಳಲ್ಲ ಎಂದು ಇನ್ನೊಮ್ಮೆ ಕೇಳಿಸಿಕೊಂಡು ಬರುತ್ತಿದ್ದೆ. ಸಂಖ್ಯೆಯನ್ನು ಸ್ಟ್ಯಾಕಿಗೆ ಹಾಕಿ, ಟೆಸ್ಟನ್ನು ಮೊದಲಿನಿಂದ ಸಾಲು ಸಾಲು ಓದಿ, ಬೆಳಿಗ್ಗೆ ಓಡಿಸೋಣವೆಂದು ಹೊರಟೆ. ಆ ಹೊತ್ತಿಗೆ ಕರೆಂಟೂ ಹೋಗಿತ್ತು.

ಗುರುವಾರ ಬೆಳಿಗ್ಗೆ ಹುಡುಗಿ ಪಕ್ಕದಲ್ಲಿ ಕುಳಿತಿರುವಾಗ ಓಡಿಸಿದೆ. ನೂರಾ ಒಂದು, ಸರಿ. ನೂರಾ ಎರಡು, ಸರಿ. ನೂರಾ ಹನ್ನೊಂದರವರೆಗೂ ಸರಿ. ಹನ್ನೆರಡನೆಯದಕ್ಕೆ, ಇರಬೇಕಾದದ್ದು ನೂರಾ ಹನ್ನೆರಡು, ಇದ್ದದ್ದು ಸೊನ್ನೆ. ಎರಡನೇ ಥ್ರೆಡ್ಡಿನಲ್ಲೂ ಹನ್ನೆರಡನೆಯದು ಸೊನ್ನೆ. ಮೂರನೆಯದರಲ್ಲೂ ಸೊನ್ನೆ. ಹತ್ತು ಸಲ ಓಡಿಸಿದೆ. ಹತ್ತು ಸಲವೂ ಅದೇ.

ಥ್ರೆಡ್ ಬದಲಾಯಿಸುವ ಫೈಲು ತೆರೆದು ಬೆರಳಿಟ್ಟು ಎಣಿಸಿದೆ. ವಾಪಸು ಹೋಗಬೇಕಾದ ವಿಳಾಸ, ಸ್ಟ್ಯಾಕಿನ ವಿಳಾಸ, ಮತ್ತೆ ಹನ್ನೆರಡು ರಿಜಿಸ್ಟರು. ಉಳಿಸಿಡುವ ಸಾಲುಗಳು ಹದಿನಾಲ್ಕು ಇರಬೇಕು, ತಿರುಗಿ ತುಂಬುವವು ಹದಿನಾಲ್ಕು ಇರಬೇಕು. ತುಂಬುವವು ಹದಿನಾಲ್ಕಿದ್ದವು. ಉಳಿಸುವವು ಹದಿಮೂರು. ಎಸ್ ಹನ್ನೊಂದನ್ನು ಉಳಿಸುವ ಸಾಲೇ ಇರಲಿಲ್ಲ. ಉಳಿಸದೇ ಬಿಟ್ಟ ಜಾಗದಲ್ಲಿ ಮೊದಲಿನಿಂದ ಇದ್ದ ಸೊನ್ನೆಯನ್ನೇ ಪ್ರತಿ ಸಲ ತಂದು ತುಂಬುತ್ತಿತ್ತು. ಚಿಕ್ಕ ಪ್ರೋಗ್ರಾಮುಗಳಿಗೆ ಅಷ್ಟು ರಿಜಿಸ್ಟರು ಬೇಕಾಗುವುದಿಲ್ಲ. ಬಹಳ ಸಂಖ್ಯೆಗಳನ್ನು ಒಟ್ಟಿಗೆ ನಿಭಾಯಿಸುವ ಪ್ರೋಗ್ರಾಮಿನಲ್ಲಿ, ಅದೂ ಆಪ್ಟಿಮೈಸೇಷನ್ ಹಾಕಿದಾಗ ಮಾತ್ರ, ಕಂಪೈಲರು ಹನ್ನೆರಡನೆಯದಕ್ಕೂ ಕೈ ಹಾಕುತ್ತದೆ. ನಡುವೆ ಪ್ರಿಂಟ್ ಸಾಲು ಬಂದರೆ ಅದರ ಹಂಚಿಕೆ ಬದಲಾಗಿ, ಮೊತ್ತ ಬೇರೆ ಗೂಡಿಗೆ ಹೋಗಿ ಬಚಾವಾಗುತ್ತಿತ್ತು. ನನ್ನ ಮಳೆಯ ಮೊತ್ತ ಅದರಲ್ಲೇ ಕುಳಿತಿತ್ತು. ಪ್ರತಿ ಸರದಿಗೂ ಸೊನ್ನೆಯಾಗಿ, ಕೊನೆಯ ಸರದಿಯ ಮೂರು ಇಂಚು ಉಳಿದಿತ್ತು. ಮ್ಯಾನ್ಯುಯಲ್ ಬಿಟ್ಟು ಸ್ವಂತ ಬುದ್ಧಿ ಓಡಿಸಿದವರಿಗೆ ಮಾತ್ರ ಹೊಡೆಯುವ ತಪ್ಪು ಅದು.

"ಸಿಕ್ತಾ ಮ್ಯಾಮ್?" ಎಂದಳು ಹುಡುಗಿ. ಅವಳ ಕಣ್ಣು ಅರಳಿತ್ತು. "ಈಗ್ಲೇ ಸಾರ್‌ಗೆ ಹೇಳಾಣ ಬನ್ನಿ."

"ಬೇಡ. ನಾಳೆ."

"ನಾಳೆ ಎಂತಕ್ಕೆ ಮ್ಯಾಮ್?"

"ನಾಳೆ ಹೊರಗಿನ ಪರೀಕ್ಷಕರು ಇರ್ತಾರೆ. ಅವ್ರ ಮುಂದೆ ಆಗ್ಲಿ. ಈಗ ಹೇಳಿದ್ರೆ ಬಾಗ್ಲು ಹಾಕ್ಕೊಂಡು ಒಂದು ಸಾಲು ಸೇರಿಸ್ತಾರೆ, ಏನೂ ಆಗ್ಲೇ ಇಲ್ಲ ಅನ್ನೋ ಹಾಗೆ ಇದ್ದುಬಿಡ್ತಾರೆ."

"ಮೂರು ದಿನದಿಂದ ನಾನು ಸರಿಯಾಗಿ ಊಟ ಮಾಡಿಲ್ಲ ಮ್ಯಾಮ್. ಅಪ್ಪಂಗೂ ಹೇಳಿಲ್ಲ. ಇದು ನನ್ನ ಮಾರ್ಕ್ಸ್‌ಗಾ, ನಿಮ್ಗಾ?"

ಕೆನ್ನೆಗೆ ಬಿದ್ದ ಹಾಗಾಯಿತು. ಆದರೂ ನಾನು ಮನಸ್ಸು ಬದಲಾಯಿಸಲಿಲ್ಲ. "ಇಬ್ರಿಗೂ," ಎಂದೆ. ಅವಳು ಬ್ಯಾಗು ತೆಗೆದುಕೊಂಡು ಎದ್ದು ಹೋದಳು.

ಹೊಡೆತ ಗಟ್ಟಿಯಾಗಿ ಬೀಳಬೇಕಾದರೆ ಎಷ್ಟು ವರ್ಷದಿಂದ ಈ ತಪ್ಪು ನಡೆದುಬಂದಿದೆ ಎಂದು ಸಾಲಾಗಿ ತೋರಿಸಬೇಕು. ಮಧ್ಯಾಹ್ನ ವಿಭಾಗದ ಅಲ್ಮೇರಕ್ಕೆ ಹೋದೆ. ಅದರ ಬೀಗದ ಕೈ ಇರುವುದು ನಮ್ಮ ಅಟೆಂಡರ್ ಹತ್ತಿರ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಅಲ್ಮೇರದ ಬಾಗಿಲಿಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿದ್ದಾರೆ. ಪ್ರಿನ್ಸಿಪಾಲರೇ ಬಂದರೂ ಅದರಲ್ಲಿ ಸಹಿ ಹಾಕದೆ ಒಂದು ಹಾಳೆ ಆಚೆ ಹೋಗುವ ಹಾಗಿಲ್ಲ.

"ಎಂತ ಮಾರಾಯ್ತಿ, ಎಲ್ಲ ವರ್ಷದ್ದೂ ಬೇಕಾ?" ಎಂದರು. "ಧೂಳು ಕುಡೀತಿಯಲ್ಲ ಸುಮ್ನೆ."

"ಬೇಕು ಅಣ್ಣ. ತಳದ ತನಕ ತೆಗೀರಿ."

ಒಂದೊಂದೇ ಮ್ಯಾನ್ಯುಯಲ್ ಇಳಿಸಿಕೊಟ್ಟರು. ಥ್ರೆಡ್ ಬದಲಾಯಿಸುವ ಭಾಗವಿರುವ ಇಪ್ಪತ್ತಮೂರನೇ ಪುಟ ತೆಗೆದು, ಉಳಿಸುವ ಸಾಲುಗಳನ್ನು ಎಣಿಸುತ್ತ ಹೋದೆ. ಹೋದ ವರ್ಷದ್ದರಲ್ಲಿ ಹದಿಮೂರು ಸಾಲು. ಅದರ ಹಿಂದಿನದರಲ್ಲಿ ಹದಿಮೂರು. ನನ್ನ ಬ್ಯಾಚಿನದರಲ್ಲೂ ಹದಿಮೂರು. ಪ್ರತಿಯೊಂದರಲ್ಲೂ ಆ ಹದಿಮೂರನೇ ಸಾಲು ಪುಟದ ಕಟ್ಟಕಡೆಗೆ, ಕಾಗದದ ಅಂಚಿಗೆ ತಾಗಿಕೊಂಡೇ ಇತ್ತು. ಒಂದೊಂದರ ವರ್ಷವನ್ನೂ ಸಂತೋಷದಿಂದ ಬರೆದುಕೊಂಡೆ.

"ಇದೊಂದು ಉದ್ದದ್ದು ಉಂಟು ನೋಡು, ಬೈಂಡ್ ಆಗದ್ದು," ಎಂದು ಅಟೆಂಡರ್ ಕೊನೆಯ ಕಟ್ಟು ಕೊಟ್ಟರು.

ಲೀಗಲ್ ಅಳತೆಯ ಹಾಳೆಗಳು. ಸಿಡಿಲಿಗೆ ಉಳಿದ ಆ ಒಂದೇ ಪ್ರಿಂಟು. ಇಪ್ಪತ್ತಮೂರನೇ ಪುಟ ತೆಗೆದೆ. ಪ್ರತಿ ರಿಜಿಸ್ಟರಿನ ಪಕ್ಕ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಗುರುತು ಹಾಕಿದ್ದರು. ಪುಟದ ಅಡಿಯಲ್ಲಿ, ಚೊಕ್ಕವಾಗಿ, ಎಸ್ ಹನ್ನೊಂದನ್ನು ಉಳಿಸುವ ಸಾಲಿತ್ತು. ಪಕ್ಕದಲ್ಲಿ ಹನ್ನೆರಡು ಎಂದು ಬರೆದು ಸುತ್ತು ಹಾಕಿತ್ತು.

ಎಚ್‌ಒಡಿಯವರು ತಪ್ಪು ಮಾಡಿರಲಿಲ್ಲ. ಉದ್ದನೆಯ ಹಾಳೆಯನ್ನು ಚಿಕ್ಕ ಹಾಳೆಗೆ ಝೆರಾಕ್ಸ್ ಮಾಡುವಾಗ ಅಡಿಯ ಒಂದು ಸಾಲು ಆಚೆ ಉಳಿದುಬಿಟ್ಟಿತ್ತು. ಬೇರೆ ಪುಟಗಳ ಅಡಿಯಲ್ಲಿ ಖಾಲಿ ಜಾಗ ಇದ್ದದ್ದರಿಂದ ಏನೂ ಹೋಗಿರಲಿಲ್ಲ. ಈ ಒಂದು ಪುಟದಲ್ಲಿ ಮಾತ್ರ ಬರಹ ಒಂದು ಸಾಲಿನಷ್ಟು ಕೆಳಗಿಳಿದಿತ್ತು.

ಅಟೆಂಡರ್ ನೋಟ್‌ಬುಕ್ಕಿನ ಹಳೆಯ ಪುಟ ತಿರುವುತ್ತಿದ್ದರು. "ಇದನ್ನ ಒಂದೇ ಸಲ ಹೊರಗೆ ಕೊಟ್ಟದ್ದು ನಾನು. ಝೆರಾಕ್ಸಿಗೆ ಅಂತ. ಇಲ್ಲಿ ನೋಡು, ಸಹಿ ಉಂಟು."

ಸಹಿ ನೋಡಿದೆ. ನನ್ನದು.

ಆಗ ಎಲ್ಲ ನೆನಪಾಯಿತು. ನಾನು ಕ್ಲಾಸ್ ರೆಪ್ರೆಸೆಂಟೇಟಿವ್. ಎಚ್‌ಒಡಿ ಕಟ್ಟನ್ನು ನನ್ನ ಕೈಗೇ ಕೊಟ್ಟು ಕಳಿಸಿದ್ದರು. ಝೆರಾಕ್ಸ್ ಅಂಗಡಿಯವರು, "ಉದ್ದದ ಪೇಪರ್ ಖಾಲಿ ಆಗಿದೆ, ನಾಳೆ ಬರ್ತೀಯಾ, ಇಲ್ಲ ಎ-ಫೋರಲ್ಲೇ ಹೊಡೀಲಾ?" ಎಂದು ಕೇಳಿದ್ದರು. ಆಲ್ದೂರಿನ ಬಸ್ಸು ಹೊರಡುವ ಹೊತ್ತು. "ಎ-ಫೋರಲ್ಲೇ ಹೊಡೀರಿ, ಅಡಿಗೆ ಖಾಲಿ ಜಾಗ ಅಲ್ವಾ," ಎಂದು ನಾನೇ ಹೇಳಿದ್ದೆ. ಬಂದ ಪ್ರತಿಯನ್ನು ತಿರುಗಿಸಿಯೂ ನೋಡದೆ ಬಸ್ಸಿಗೆ ಓಡಿದ್ದೆ. ನನ್ನ ವರ್ಷವನ್ನು ನಾನೇ ಆ ಅಂಗಡಿಯ ಕಟ್ಟೆಯ ಮೇಲೆ ಬಿಟ್ಟು ಓಡಿದ್ದೆ.

ನೆಲದ ಮೇಲೆ ಕುಳಿತುಬಿಟ್ಟೆ. ಅಟೆಂಡರ್ ನೀರು ತಂದುಕೊಟ್ಟರು. ಕುಡಿಯುವಷ್ಟರಲ್ಲಿ ಸಿಟ್ಟು ತಿರುಗಿ ಬಂತು. ಆಯಿತು, ಸಾಲು ಕಳೆದದ್ದು ನಾನು. ಆದರೆ ತಾನು ಹನ್ನೆರಡು ಎಣಿಸಿ ಸುತ್ತು ಹಾಕಿದ ಮನುಷ್ಯ ಏಳು ವರ್ಷ ಟಿಕ್ ಹಾಕುತ್ತ ಒಮ್ಮೆಯೂ ಮತ್ತೆ ಎಣಿಸಲಿಲ್ಲವಲ್ಲ? ನಾನೇ ಬರ್ದಿದ್ದು ಸಾರ್ ಎಂದು ಒಬ್ಬ ಹುಡುಗಿ ಅತ್ತಾಗ ತನ್ನದೊಮ್ಮೆ ನೋಡೋಣ ಎನಿಸಲಿಲ್ಲವಲ್ಲ? ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಹಿ ಹಾಕಿ ಆ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡೆ. ತೋರಿಸಲೋ, ಹರಿದು ಹಾಕಲೋ ಆಗ ನನಗೇ ಗೊತ್ತಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಹುಡುಗಿಯ ಸರದಿ ಬಂತು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು, ಅವರ ಪಕ್ಕ ಎಚ್‌ಒಡಿ, ಹಿಂದೆ ನಾನು. ಪ್ರೋಗ್ರಾಂ ಓಡಿತು, ತಪ್ಪು ಉತ್ತರ ಕೊಟ್ಟಿತು. ಎಚ್‌ಒಡಿ ಪೆನ್ನಿನ ಮುಚ್ಚಳ ತೆಗೆದರು. ಕೆಂಪೇ.

"ಸಾರ್," ಎಂದೆ. "ನೀವು ಹೇಳಿದ ಟೆಸ್ಟ್ ರಿಪೋರ್ಟ್ ರೆಡಿ ಇದೆ. ಒಂದ್ಸಲ ಇಲ್ಲೇ ಓಡಿಸ್ಲಾ?"

"ಈಗ್ಲಾ? ಸರಿ, ಓಡಿಸಿ," ಎಂದರು. ಪರೀಕ್ಷಕರಿಗೆ ತಮ್ಮ ಸಿಸ್ಟಮ್ಮು ತೋರಿಸುವ ಹೆಮ್ಮೆ ಇತ್ತು.

ಪರದೆಯ ಮೇಲೆ ಹನ್ನೊಂದು ಸಾಲು ಸರಿ ಎಂದು ಬಂತು. ಹನ್ನೆರಡನೆಯದು ಸೊನ್ನೆ. ಪರೀಕ್ಷಕರು ಮುಂದಕ್ಕೆ ಬಾಗಿದರು. ನಾನು ಫೈಲು ತೆರೆದು ಉಳಿಸುವ ಸಾಲುಗಳನ್ನು ಜೋರಾಗಿ ಎಣಿಸಿದೆ, ಹದಿಮೂರು. ತುಂಬುವ ಸಾಲುಗಳನ್ನು ಎಣಿಸಿದೆ, ಹದಿನಾಲ್ಕು. ಇಲ್ಲದ ಸಾಲನ್ನು ಎಲ್ಲರ ಮುಂದೆ ಟೈಪ್ ಮಾಡಿ ಮತ್ತೆ ಓಡಿಸಿದೆ. ಹನ್ನೆರಡೂ ಸರಿ. ಹುಡುಗಿಯ ಪ್ರೋಗ್ರಾಂ ಓಡಿಸಿದೆ. ಸರಿ. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಮೆಷಿನ್ ಸುಳ್ಳು ಹೇಳಲ್ಲ ಸಾರ್," ಎಂದೆ.

ಪರೀಕ್ಷಕರು ಹುಡುಗಿಗೆ ಎರಡು ಪ್ರಶ್ನೆ ಕೇಳಿ, ತಲೆದೂಗಿ, ತಾವೇ ಪೂರ್ತಿ ಅಂಕ ಬರೆದರು. ಅವಳು ಹೊರಗೆ ಹೋಗುವಾಗ ನನ್ನ ಕಡೆ ನೋಡಿದಳು. ನಕ್ಕಳೋ ಇಲ್ಲವೋ ಹೇಳಲಾರೆ.

ಎಚ್‌ಒಡಿ ಇನ್ನೂ ಪರದೆಯನ್ನೇ ನೋಡುತ್ತಿದ್ದರು. "ಈ ಸಾಲು ನಾನು ಬರ್ದಿದ್ದೆ," ಎಂದರು ಮೆಲ್ಲಗೆ. "ನಂಗೆ ಚೆನ್ನಾಗಿ ನೆನಪಿದೆ. ನಾನೇ ಬರ್ದಿದ್ದೆ."

"ಆಗತ್ತೆ ಸಾರ್, ಬರೆದ ಹಾಗೇ ಅನ್ಸತ್ತೆ," ಎಂದು ಪರೀಕ್ಷಕರು ಸಮಾಧಾನ ಮಾಡುವ ಹಾಗೆ ನಕ್ಕರು. ನಂಬಿರಲಿಲ್ಲ.

ಹಾಳೆ ನನ್ನ ಬ್ಯಾಗಿನಲ್ಲಿತ್ತು. ಬ್ಯಾಗು ನನ್ನ ಹೆಗಲ ಮೇಲಿತ್ತು. ನಾನೇ ಬರ್ದಿದ್ದೆ ಎಂದು ನಿಜ ಹೇಳಿ, ಯಾರೂ ನಂಬದೆ ನಿಲ್ಲುವುದು ಹೇಗಿರುತ್ತದೆಂದು ಆ ಮನುಷ್ಯನ ಮುಖದಲ್ಲಿ ಕಂಡಿತು. ನಾನು ಕಣ್ಣು ತೆಗೆಯದೆ ನೋಡಿದೆ. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು. ಬ್ಯಾಗು ತೆರೆಯಲಿಲ್ಲ.

ಮಧ್ಯಾಹ್ನ ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ಪರೀಕ್ಷಕರನ್ನು ಕಳಿಸಿ ಬಂದು, ಹಳೆಯ ಮ್ಯಾನ್ಯುಯಲ್ಲುಗಳನ್ನು ಮೇಜಿನ ಮೇಲೆ ಹರಡಿಕೊಂಡು ಇಪ್ಪತ್ತಮೂರನೇ ಪುಟವನ್ನು ಮತ್ತೆ ಮತ್ತೆ ಎಣಿಸುತ್ತಿರುವುದು ಬಾಗಿಲಿನ ಪರದೆಯ ಸಂದಿಯಿಂದ ಕಾಣುತ್ತಿತ್ತು. ಎರಡು ಗಂಟೆಗೆ ಎಣಿಸುತ್ತಿದ್ದರು. ಮೂರಕ್ಕೂ ಎಣಿಸುತ್ತಿದ್ದರು. ತಮ್ಮನ್ನೇ ನಂಬಲಾರದೆ ಹೋಗಿದ್ದರು. ನಾಲ್ಕು ಗಂಟೆಗೆ ನನ್ನ ಖುಷಿ ಮುಗಿಯಿತು. ಯಾಕೆಂದು ಕೇಳಿದರೆ ಹೇಳಲಾರೆ. ಹಾಳೆಯನ್ನೂ ಅಟೆಂಡರ್ ನೋಟ್‌ಬುಕ್ಕನ್ನೂ ತೆಗೆದುಕೊಂಡು ಒಳಗೆ ಹೋಗಿ ಅವರ ಮುಂದೆ ಇಟ್ಟೆ.

ಪೆನ್ಸಿಲಿನ ಸುತ್ತು ಹಾಕಿದ ಹನ್ನೆರಡರ ಮೇಲೆ ಅವರ ಬೆರಳು ನಿಂತಿತು.

"ಝೆರಾಕ್ಸ್ ಮಾಡ್ಸುವಾಗ ಅಡಿಯ ಸಾಲು ಹೋಗಿದೆ ಸಾರ್. ಮಾಡ್ಸಿದ್ದು ನಾನು. ಸಹಿ ಅಲ್ಲಿದೆ."

ಸಹಿ ನೋಡಿದರು. ನನ್ನ ಮುಖ ನೋಡಿದರು. ಮೊದಲ ಸಲ ನೋಡಿದ ಹಾಗೆ ನೋಡಿದರು. "ನೀವು... ಆ ಮಳೆ ಪ್ರೋಗ್ರಾಂ?"

"ಹೌದು ಸಾರ್. ಮೂರು ಇಂಚು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಯಾವಾಗ ಸಿಕ್ತು ನಿಮ್ಗೆ?"

"ನಿನ್ನೆ ಮಧ್ಯಾಹ್ನ."

"ಅಂದ್ರೆ ಬೆಳಿಗ್ಗೆ ನಿಮ್ಮ ಹತ್ರಾನೇ ಇತ್ತು."

"ಬ್ಯಾಗಲ್ಲೇ ಇತ್ತು ಸಾರ್."

ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಯಾರೂ ನಂಬದೆ ಅವರು ನಿಂತದ್ದು ಐದು ಗಂಟೆ, ನಾನು ನಿಂತದ್ದು ಏಳು ವರ್ಷ. ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಕೈಗೆ ತೆಗೆದುಕೊಂಡು ಕೇಳಿದರು:

"ಆ ರೆಕಾರ್ಡ್ ಇದೆಯಾ ಇನ್ನೂ? ತಗೊಂಡು ಬನ್ನಿ ಮೇಡಂ. ನಾನು ಬರ್ದಿದ್ದನ್ನ ಹೊಡೆದುಹಾಕಿ, ಸಹಿ ಮಾಡಿ ಕೊಡ್ತೀನಿ."

"ಇದೆ ಸಾರ್," ಎಂದೆ. "ಕೊಡಲ್ಲ."